ಲಾವಿಯೆರೊ ನೇತುಹಾಕಿದ ಕೊಂಬೆ

ಆ ಮಧ್ಯಾಹ್ನ ಲಾವಿಯೆರೊಗೆ ಬೇಕಾಗಿದ್ದದ್ದು ಒಂದು ನಿದ್ದೆ. ರಾಜ್ಯ ಬೇಡಲಿಲ್ಲ, ಕೋಶ ಬೇಡಲಿಲ್ಲ. ಮೈಚಾಚಲು ಆರಡಿ ಜಾಗ, ಸುತ್ತ ಮಾತಾಡದೆ ಇರುವ ಒಂದಿಷ್ಟು ಗಾಳಿ, ಅಷ್ಟೇ. ಮೂವತ್ತು ವರ್ಷ ವುಲ್ತುರೆ ಬೆಟ್ಟದ ಸುತ್ತ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಗೇರು ಎಳೆದೆಳೆದು ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿಳಿದಿತ್ತು. ಮೆಟ್ಟಿಲು ಕಂಡರೆ ಮೊಣಕಾಲು ದೂರದಿಂದಲೇ ಹಾರನ್ ಹೊಡೆಯುತ್ತಿತ್ತು. ಇಂಥವನಿಗೆ ನಿದ್ದೆ ಒದಗಿಸುವುದು ಸರ್ಕಾರದ ಕರ್ತವ್ಯ. ಆದರೆ ಸರ್ಕಾರ ಪಿಂಚಣಿ ಕೊಟ್ಟು ಕೈತೊಳೆದುಕೊಂಡು, ನಿದ್ದೆಯನ್ನು ಮನೆಯವರ ಕೈಗೆ ಬಿಟ್ಟಿತ್ತು.

ಮನೆಯವರೋ, ಆಗಸ್ಟ್ ತಿಂಗಳನ್ನು ಒಳಗೆ ಕರೆದು ಕೂರಿಸಿದ್ದರು. ಆಗಸ್ಟ್ ಬಂತೆಂದರೆ ಉತ್ತರಕ್ಕೆ ದುಡಿಯಲು ಹೋದವರೆಲ್ಲ ಊರಿಗೆ ಮರಳುತ್ತಾರೆ. ತೊರೀನೊದಿಂದ ಹೆಂಡತಿ ಫಿಲುಚ್ಚಾಳ ತಂಗಿ ಬಂದಿದ್ದಳು. ಅವಳ ಗಂಡ, ಅಂದರೆ ಲಾವಿಯೆರೊನ ಷಡ್ಡಕ ಎರ್ಮಾನ್ನೊ, ಬಂದವನೇ ಲಾವಿಯೆರೊನ ಹಾಸಿಗೆಯ ಮೇಲೆ ಮಲಗಿ, ಕಾರಿನ ಕಾರ್ಖಾನೆಯಲ್ಲಿ ಕಲಿತ ಗೊರಕೆ ಹೊಡೆಯುತ್ತಿದ್ದ. ಸೆಪ್ಟೆಂಬರಿನಲ್ಲಿ ಮಗಳು ಲೊರೆದಾನಾಳ ಮದುವೆ. ಹಾಗಾಗಿ ಸೋಫಾದ ಮೇಲೆ ಮದುವೆಯ ಬಿಳಿ ಉಡುಪು ಮಲಗಿತ್ತು, ಕುರ್ಚಿಗಳ ಮೇಲೆ ಸಕ್ಕರೆ ಬಾದಾಮಿಯ ಪೊಟ್ಟಣಗಳು ಕೂತಿದ್ದವು. ಯಜಮಾನನಿಗೆ ಉಳಿದದ್ದು ನಿಲ್ಲುವಷ್ಟು ಜಾಗ ಮಾತ್ರ.

ಆ ಮದುವೆಗೆ ಸಂಬಂಧಪಟ್ಟಂತೆ ಲಾವಿಯೆರೊ ಒಂದು ಮಾತು ಆಡಿಬಿಟ್ಟಿದ್ದ. ಈಸ್ಟರಿನ ಮರುದಿನ ನಿಶ್ಚಿತಾರ್ಥದ ಊಟ. ಎದುರಿಗೆ ಬೀಗರು ಕೋಸಿಮೊ, ಬೆಟ್ಟದ ಆಚೆ ಮಗ್ಗುಲಿನವರು. ನಾಲ್ಕು ತಲೆಮಾರಿನ ದ್ರಾಕ್ಷಿ ತೋಟ, ದಪ್ಪ ಮೀಸೆ, ಕಡಿಮೆ ಮಾತು. ಮಾತಾಡದವರ ಮುಂದೆ ಕೂತರೆ ಮಾತಾಡುವವರಿಗೆ ಗಂಡಾಂತರ. ಎರಡನೆಯ ಲೋಟಕ್ಕೆ ಲಾವಿಯೆರೊ ಎದ್ದು ನಿಂತ.

"ಬೀಗರೇ, ಮದ್ವೆಗೆ ಅಂಗಡಿ ಬಾಟ್ಲಿ ಒಂದೂ ಬರಕೂಡ್ದು! ನನ್ನ ಗವೀಲಿ ಒಂದು ಪೀಪಾಯಿ ಇದೆ. ನಮ್ಮಪ್ಪ ಸಾಯೋ ಮುಂಚೆ ಕೊನೇ ಸಲ ತುಳಿದ ದ್ರಾಕ್ಷಿ. ಆರು ವರ್ಷ ಆಯ್ತು, ಅದರ ಬಿರಡೆ ಕೂಡ ಮುಟ್ಟಿಲ್ಲ ನಾನು!"

ಕೋಸಿಮೊ ಚಾವಣಿ ನೋಡಿದರು. ಆಮೇಲೆ ಕೈಯಲ್ಲಿದ್ದ ರೊಟ್ಟಿಯ ತುಂಡು ನೋಡಿದರು.

"ಬಿರಡೆ ಕೂಡ?"

"ಬಿರಡೆ ಕೂಡ!"

"ಹ್ಞಾಂ," ಎಂದರು ಕೋಸಿಮೊ. "ಆ ಆಲಿವ್ ಈ ಕಡೆ ಕೊಡ್ತೀರಾ?"

ಬೀಗರ ಬಾಯಿ ಕಟ್ಟಿಹೋಯಿತೆಂದು ಲಾವಿಯೆರೊ ಆ ವಾರವೆಲ್ಲ ಎದೆ ಉಬ್ಬಿಸಿಕೊಂಡು ಓಡಾಡಿದ.

ಹೆಮ್ಮೆಗೆ ಕಾರಣವಿಲ್ಲದೆ ಇರಲಿಲ್ಲ. ವುಲ್ತುರೆ ಒಂದು ಕಾಲಕ್ಕೆ ಬೆಂಕಿ ಉಗುಳುತ್ತಿದ್ದ ಬೆಟ್ಟ. ಈಗ ತಣ್ಣಗಾಗಿದೆ; ಆದರೆ ಸಿಟ್ಟನ್ನೆಲ್ಲ ಬೂದಿಮಣ್ಣಿನಲ್ಲಿ ಬಿಟ್ಟುಹೋಗಿದೆ, ಆ ಸಿಟ್ಟು ಅಲ್ಯಾನಿಕೊ ಎಂಬ ಕರಿದ್ರಾಕ್ಷಿಗೆ ಏರಿದೆ. ಅದು ಹಣ್ಣಾಗುವುದು ತಡ; ಬೇರೆ ಊರಿನವರು ಹೊಸ ವೈನು ಕುಡಿದು ಲೋಟ ತೊಳೆದಿಟ್ಟ ಮೇಲೆ ಇಲ್ಲಿಯವರು ಸ್ವೆಟರ್ ಹಾಕಿಕೊಂಡು ಕೊಯ್ಲಿಗೆ ಹೋಗುತ್ತಾರೆ. ಎಳೆಯ ಅಲ್ಯಾನಿಕೊ ಎಷ್ಟು ಒಗರೆಂದರೆ ಒಂದು ಗುಟುಕಿಗೆ ನಾಲಗೆ ಅಂಗುಳಿಗೆ ಅಂಟಿ, ಬಿಡಿಸಲು ಇನ್ನೊಂದು ಗುಟುಕು ಬೇಕಾಗುತ್ತದೆ. "ಎಳೇದು ಜಗಳಗಂಟ, ಹಳೇದಾದ್ರೆ ಪಂಚಾಯ್ತಿದಾರ," ಎನ್ನುತ್ತಿದ್ದ ಲಾವಿಯೆರೊನ ಅಪ್ಪ. ಆ ಪಂಚಾಯ್ತಿದಾರನನ್ನೇ ಮಗಳ ಮದುವೆಗೆ ಕೂರಿಸಬೇಕೆಂದು ಲಾವಿಯೆರೊನ ಆಸೆ. ಮಲಗಿದವರನ್ನು ಎಬ್ಬಿಸಬಾರದು ಎಂಬುದು ಅವನ ಬದುಕಿನ ದೊಡ್ಡ ನಂಬಿಕೆಯಾದ್ದರಿಂದ ಆ ಪೀಪಾಯಿಯನ್ನೂ ಎಬ್ಬಿಸಿರಲಿಲ್ಲ.

ಊರಿನ ತಗ್ಗಿನಲ್ಲಿ, ಬೂದಿ ಗಟ್ಟಿಯಾಗಿ ಕಲ್ಲಾದ ದಿಬ್ಬದಲ್ಲಿ, ಮನೆಗೊಂದರಂತೆ ಗವಿ ಕೊರೆದಿದ್ದಾರೆ. ಹೊರಗೆ ರೊಟ್ಟಿ ಸುಡುವಂಥ ಬಿಸಿಲಿದ್ದರೂ ಒಳಗೆ ಬಾವಿಯ ತಂಪು. ಆ ಮಧ್ಯಾಹ್ನ ಲಾವಿಯೆರೊ ಟೊಮೆಟೊ ತರುವ ನೆಪ ಹೇಳಿ ಕೀಲಿಕೈ ಹಿಡಿದು ಅಲ್ಲಿಗೆ ಹೊರಟ. ಬಾಗಿಲಲ್ಲಿ ಕಣಜಗಳು ಗುಂಯ್‌ಗುಡುತ್ತಿದ್ದವು. ಪಕ್ಕದ ಓಕ್ ಮರದಿಂದ ಎಲೆ ತುಂಬಿದ ಕೊಂಬೆಯೊಂದನ್ನು ಮುರಿದು ಬೀಸಿ ಓಡಿಸಿದ. ತುಕ್ಕು ಹಿಡಿದ ಬೀಗಕ್ಕೆ ಎರಡೂ ಕೈ ಬೇಕಿತ್ತು. ಕೊಂಬೆಯನ್ನು ಬಾಗಿಲ ಮೇಲಿನ ಕಬ್ಬಿಣದ ಬಳೆಗೆ ಸಿಕ್ಕಿಸಿದ. ಬೀಗ ತೆಗೆದ, ಒಳಗೆ ಹೋದ, ಅಪ್ಪನ ದೊಡ್ಡ ಪೀಪಾಯಿಗೂ ತಾನೇ ಕಳೆದ ವರ್ಷ ತುಳಿದ ಸಣ್ಣ ಪೀಪಾಯಿಗೂ ನಡುವಿನ ಬೆಂಚಿನ ಮೇಲೆ ಮಲಗಿದ. ತಲೆ ಬೆಂಚಿಗೆ ತಾಗುವ ಮೊದಲೇ ನಿದ್ದೆ ಬಂತು.

ಆ ಬಳೆ ಯಾತಕ್ಕೆ ಇರುವುದೆಂದು ಊರಿನ ಬೆಕ್ಕಿಗೂ ಗೊತ್ತು. ಗವಿಯ ಬಾಗಿಲ ಮೇಲೆ ಹಸಿರು ಕೊಂಬೆ ತೂಗಿತೆಂದರೆ ಒಳಗೆ ಪೀಪಾಯಿ ತೆರೆದಿದೆ ಎಂದರ್ಥ. ಯಾರು ಬೇಕಾದರೂ ತಮ್ಮ ಬುತ್ತಿ, ತಮ್ಮ ಲೋಟ ತಂದು ಕೂರಬಹುದು. ಇಲ್ಲ ಎನ್ನುವ ಹಕ್ಕು ಯಜಮಾನನಿಗಿಲ್ಲ. ವೈನು ಮುಗಿಯುವ ತನಕ ಕೊಂಬೆ ಇಳಿಯಕೂಡದು. ಮುಗಿಯುವ ಮೊದಲೇ ಇಳಿಯಿತೋ, ವೈನು ಹುಳಿಯಾಗಿ ಕೆಟ್ಟಿದೆ ಎಂದು ಊರಿಗೆ ಊರೇ ತಿಳಿದುಕೊಳ್ಳುತ್ತದೆ. ಬಾಟಲಿಗಳ ಕಾಲ ಬಂದ ಮೇಲೆ ಯಾರೂ ಕೊಂಬೆ ಕಟ್ಟಿರಲಿಲ್ಲ. ಲಾವಿಯೆರೊಗೂ ಅದು ನೆನಪಿನ ಅಟ್ಟದಲ್ಲಿ ಎಲ್ಲೋ ಹಿಂದೆ ಸರಿದುಹೋಗಿತ್ತು.

ಕಣ್ಣು ಬಿಟ್ಟಾಗ ಎದುರಿನ ಬೆಂಚಿನ ಮೇಲೆ ನಾಲ್ವರು ಮುದುಕರು ಸಾಲಾಗಿ ಕೂತಿದ್ದರು. ಟೋಪಿ ಮೊಣಕಾಲ ಮೇಲಿತ್ತು, ನೋಟ ಅವನ ಮೇಲಿತ್ತು. ಇಂಥ ಕೂರುವಿಕೆಯನ್ನು ಲಾವಿಯೆರೊ ಸಾವಿನ ಮನೆಯಲ್ಲಿ ಮಾತ್ರ ಕಂಡಿದ್ದ.

"ನಾನು... ಹೋಗಿಬಿಟ್ನಾ?" ಎಂದ.

"ಇಲ್ಲಪ್ಪಾ," ಎಂದ ಸವೀನೊ ತಾತ, ಅವನ ಅಪ್ಪನ ಓರಗೆಯವನು. "ನೀನು ಏಳ್ಲಿ ಅಂತ ಕಾಯ್ತಾ ಇದ್ದೀವಿ. ಅವಸರ ಏನಿಲ್ಲ. ಲೋಟ ತಂದಿದ್ದೀವಿ."

"ಲೋಟ ಯಾಕೆ ತಾತ?"

"ಕೊಂಬೆ ಕಟ್ಟಿದ್ದೀಯಲ್ಲ!"

"ಯಾವ ಕೊಂಬೆ?"

ನಾಲ್ವರೂ ಒಬ್ಬರನ್ನೊಬ್ಬರು ನೋಡಿಕೊಂಡು ಮೆಚ್ಚಿ ತಲೆಯಾಡಿಸಿದರು. ಎಂಥ ವಿನಯ! ಅಪ್ಪನ ಹಾಗೇ ಮಗ.

ಲಾವಿಯೆರೊ ಹೊರಗೆ ಹೋಗಿ ಕತ್ತೆತ್ತಿ ನೋಡಿದ. "ಅಯ್ಯೋ, ಇದು ಕಣಜ ಓಡ್ಸೋಕೆ ತಂದಿದ್ದು. ತೆಗೆದುಬಿಡ್ತೀನಿ," ಎಂದು ಕೈ ಚಾಚಿದ.

ಸವೀನೊ ತಾತನ ಮುಖ ಬಾಡಿತು. ಟೋಪಿಯನ್ನು ಎದೆಗೊತ್ತಿಕೊಂಡ. "ತೆಗೀತೀಯಾ? ಹೋಗ್ಬಿಡ್ತಾ ಹಾಗಾದ್ರೆ? ಹುಳಿ ಹಿಡೀತಾ? ಛೆ ಛೆ ಛೆ. ನಿಮ್ಮಪ್ಪ ತುಳಿದ ವೈನು. ಅದೂ ಮಗಳ ಮದ್ವೆ ಹೊತ್ತಿಗೆ."

ಇನ್ನೊಬ್ಬ ಮುದುಕ ಆಗಲೇ ಊರುಗೋಲು ಊರಿ ಎದ್ದಿದ್ದ, ಮನೆಗೆ ಹೋಗಿ ಹೆಂಡತಿಗೆ ಹೇಳಬೇಕೆಂದು. ಆ ಹೆಂಡತಿಯ ತಂಗಿ ಬೆಟ್ಟದ ಆಚೆ ಮಗ್ಗುಲಲ್ಲಿ ಕೋಸಿಮೊ ಮನೆಯ ಎದುರಿಗೇ ಇದ್ದಾಳೆ. ಮೂವತ್ತು ವರ್ಷ ಆ ದಾರಿಯಲ್ಲಿ ಬಸ್ಸು ಓಡಿಸಿದ ಲಾವಿಯೆರೊಗೆ ಒಂದು ಸುದ್ದಿ ಬೆಟ್ಟ ಸುತ್ತಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತು. ಬಸ್ಸಿಗಿಂತ ಕಡಿಮೆ.

"ಕೂತ್ಕೊಳಿ! ಯಾರು ಹೇಳಿದ್ದು ಹುಳಿ ಅಂತ? ಕೂತ್ಕೊಳಿ ಎಲ್ರೂ!"

ದೊಡ್ಡ ಪೀಪಾಯಿ ಮುಟ್ಟುವ ಮಾತೇ ಇಲ್ಲ. ತಾನು ತುಳಿದ ಸಣ್ಣದರಿಂದ ಸುರಿದ. ಒಂದು ವರ್ಷವೂ ತುಂಬದ ಜಗಳಗಂಟ ಅದು. ಒಂದೇ ಗುಟುಕಿಗೆ ಕಿವಿ ಮುಚ್ಚಿಕೊಂಡು ಓಡುತ್ತಾರೆ, ಆಮೇಲೆ ಮಲಗಬಹುದು ಎಂದು ಲೆಕ್ಕ ಹಾಕಿದ.

ಮುದುಕರು ಕುಡಿದರು. ಮುಖಗಳು ಒಣ ಅಂಜೂರದಂತೆ ಸುಕ್ಕಾದವು. ಸವೀನೊ ತಾತನ ಕಣ್ಣಲ್ಲಿ ನೀರು ತುಂಬಿತು.

"ಲಾವಿಯೇ," ಎಂದ ಲೋಟ ಮುಂದೆ ಚಾಚಿ. "ನಮ್ಮಪ್ಪ ಕಪಾಳಕ್ಕೆ ಬಿಡ್ತಿದ್ದ ನೋಡು, ಹಾಗೇ ಇದೆ. ಈ ಕಾಲದಲ್ಲಿ ಇಂಥದ್ದು ಯಾರು ಮಾಡ್ತಾರಪ್ಪಾ? ಹಾಕು, ಇನ್ನೊಂದು ಹಾಕು."

ಸಂಜೆಯ ಹೊತ್ತಿಗೆ ಗವಿಯ ಮುಂದೆ ಮಡಿಚುವ ಕುರ್ಚಿಗಳು ಬಂದವು. ಜರ್ಮನಿಯಿಂದ ಬಂದವರು, ತೊರೀನೊದಿಂದ ಬಂದವರು, ಕೊಂಬೆ ನೋಡಿ "ಅಯ್ಯೋ, ನಾವು ಚಿಕ್ಕೋರಿದ್ದಾಗಿನ ಹಾಗೇ!" ಎಂದು ಮೊಬೈಲಿನಲ್ಲಿ ಫೋಟೊ ತೆಗೆದರು. ಲೋಟ ಬೇಡುವಾಗ ಮಾತ್ರ ಚಿಕ್ಕವರಾಗಿರಲಿಲ್ಲ. ಫಿಲುಚ್ಚಾ ಸೆರಗಿಲ್ಲದ ದುರ್ಗೆಯಂತೆ ಇಳಿದು ಬಂದಳು.

"ಲಾವಿಯೇ! ಟೊಮೆಟೊ ತರ್ತೀನಿ ಅಂತ ಹೋದೋನು ಹೆಂಡದಂಗಡಿ ಇಟ್ಟಿದ್ದೀಯಾ? ಮಗಳ ಮದ್ವೆ ಇಟ್ಕೊಂಡು?"

"ನಾನು ಮಲಗೋಕೆ ಬಂದಿದ್ದೆ ಕಣೇ."

"ಊರನ್ನೆಲ್ಲಾ ಕರ್ಕೊಂಡು ಮಲಗ್ತಾರಾ ಯಾರಾದ್ರೂ?"

ಅಷ್ಟರಲ್ಲಿ ಪಕ್ಕದ ಬೀದಿಯ ಹೆಂಗಸೊಬ್ಬಳು, "ನಿನ್ನ ಗಂಡ ಊರಿನ ಮಾನ ಉಳಿಸಿದ ಕಣೇ ಫಿಲುಚ್ಚಾ," ಎಂದಳು. ಫಿಲುಚ್ಚಾ ಸೊಂಟದ ಮೇಲಿನ ಕೈ ಇಳಿಸಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಇಂಥ ಮಾತು ಅವಳ ಕಿವಿಗೆ ಬಿದ್ದದ್ದು ಇದೇ ಮೊದಲು. ಮನೆಗೆ ಹೋಗಿ ಒಣ ಕೆಂಪು ಮೆಣಸಿನಕಾಯಿಯನ್ನು ಗರಿಗರಿಯಾಗಿ ಕರಿದು ದೊಡ್ಡ ತಟ್ಟೆಯಲ್ಲಿ ತಂದಿಟ್ಟಳು. ಗಂಡನ ಕೊನೆಯ ಆಸರೆಯೂ ಹೀಗೆ ಶತ್ರುಪಾಳಯ ಸೇರಿತು.

ಎರ್ಮಾನ್ನೊ ನಿದ್ದೆ ಮುಗಿಸಿ ಹೊಸ ಹುಮ್ಮಸ್ಸಿನಲ್ಲಿ ಬಂದ. ಲೋಟವನ್ನು ಬೆಳಕಿಗೆ ಹಿಡಿದ, ಅಲ್ಲಾಡಿಸಿದ, ಮೂಗು ಇಳಿಬಿಟ್ಟ. "ಚೆರ್ರಿ ವಾಸನೆ ಇದೆ. ಕೆಳಗೆ ಸ್ವಲ್ಪ ಹೊಗೆ. ಇನ್ನೂ ಕೆಳಗೆ ಹಳೇ ತೊಗಲು."

"ತೊಗಲು ನನ್ನ ಬೂಟಿಂದು," ಎಂದ ಸವೀನೊ ತಾತ. "ಸ್ವಲ್ಪ ಆಚೆ ಕೂತ್ಕೋತೀನಿ."

ಮರುದಿನ ಪುರಸಭೆಯ ಪೊಲೀಸು ಆಮೇಲಿಯೊ ಬಂದ. ಅವನ ಮಗುವಿಗೆ ಚರ್ಚಿನಲ್ಲಿ ಹೆಸರಿಡುವಾಗ ಎತ್ತಿಕೊಂಡವನು ಲಾವಿಯೆರೊನೇ, ಆದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು ಕುಂಪಾ.

"ಕುಂಪಾ, ಕಾನೂನು ಕಾನೂನೇ. ಮಾರ್ತಾ ಇದ್ರೆ ಪರವಾನಗಿ ಬೇಕು. ಸುಮ್ನೆ ಕೊಡ್ತಾ ಇದ್ರೆ ಜನ ಸೇರ್ಸೋಕೆ ಅಪ್ಪಣೆ ಬೇಕು. ಹಳೇ ಪದ್ಧತಿ ಅಂದ್ರೆ ನನಗೇನೂ ಕೆಲ್ಸ ಇಲ್ಲ. ಯಾವ್ದು ಇದು?"

ಲಾವಿಯೆರೊನ ಕಣ್ಣು ಮಿಂಚಿತು. "ನಿಲ್ಲಿಸ್ಬಿಡು ಕುಂಪಾ! ಕಾನೂನು ಪ್ರಕಾರ ಎಲ್ರನ್ನೂ ಎಬ್ಬಿಸಿ ಮನೆಗೆ ಕಳ್ಸು. ದೇವರು ನಿನ್ನ ಚೆನ್ನಾಗಿಟ್ಟಿರ್ಲಿ."

ಆಮೇಲಿಯೊ ಸುತ್ತ ನೋಡಿದ. ಕುರ್ಚಿಗಳಲ್ಲಿ ಅವನ ಮಾವ ಇದ್ದ, ಮೇಲಧಿಕಾರಿ ಇದ್ದ. "ಪದ್ಧತಿ ಅಂತ ಕಾಣುತ್ತೆ," ಎಂದು ಟೋಪಿ ತೆಗೆದು ಕೂತ. "ಒಂದೇ ಲೋಟ. ಡ್ಯೂಟಿ ಮೇಲಿದ್ದೀನಿ."

ಭಾನುವಾರ ಪೂಜೆಗೆ ಬರಬೇಕಾದವರು ಗವಿಯಲ್ಲಿದ್ದಾರೆಂದು ಕೇಳಿ ಪಾದ್ರಿ ದೋನ್ ಎಜೀದಿಯೊ ಛೀಮಾರಿ ಹಾಕಲು ಬಂದರು. ಬಂದವರು ಗಂಟಲು ಸರಿಮಾಡಿಕೊಳ್ಳಲು ಒಂದು ಗುಟುಕು ತೆಗೆದುಕೊಂಡರು. ಹೋಗುವಾಗ ಕೊಂಬೆಗೆ ತೀರ್ಥ ಎರಚಿ ಹರಸಿ ಹೋದರು. ಈಗ ಅದನ್ನು ಇಳಿಸಿದರೆ ಬೀಗರಿಗೆ ಮಾತ್ರವಲ್ಲ, ಪರಲೋಕಕ್ಕೂ ಜವಾಬು ಹೇಳಬೇಕು. ಎಲೆ ಬಾಡಿ ತಾನಾಗಿಯೇ ಉದುರಲಿ ಎಂದು ಲಾವಿಯೆರೊ ಒಳಗೊಳಗೇ ಹರಕೆ ಹೊತ್ತ. ಬೆಳಿಗ್ಗೆ ಬಂದು ನೋಡಿದರೆ ಸವೀನೊ ತಾತ ಏಣಿ ಹಾಕಿ ಹೊಸ ಕೊಂಬೆ ಕಟ್ಟುತ್ತಿದ್ದ.

"ಹಸಿರಾಗಿರ್ಬೇಕಲ್ವೇನಪ್ಪಾ," ಎಂದ ಪ್ರೀತಿಯಿಂದ. "ನೀನು ಮಲ್ಕೋ, ನಾನು ನೋಡ್ಕೋತೀನಿ."

ಮಲಗುವುದೆಲ್ಲಿ? ಬೆಂಚಿನ ಮೇಲೆ ಆಮೇಲಿಯೊನ ಮಾವ ಇಸ್ಪೀಟು ಆಡುತ್ತಿದ್ದ. ಲಾವಿಯೆರೊ ನಿಂತುಕೊಂಡೇ ತೂಕಡಿಸುವುದನ್ನು ಕಲಿತ. ಬಸ್ಸಿನಲ್ಲಿ ಪ್ರಯಾಣಿಕರು ಹಾಗೆ ಮಾಡುವುದನ್ನು ಕಂಡಿದ್ದ, ಅವರಿಗಿದ್ದ ಕಂಬಿ ತನಗಿಲ್ಲವಲ್ಲ ಎಂದು ಮರುಗಿದ.

ಹೀಗೆ ತೂಕಡಿಸುವಾಗಲೇ ಒಂದು ಉಪಾಯ ಹೊಳೆಯಿತು. ಪೀಪಾಯಿ ಮುಗಿದರೆ ಕೊಂಬೆ ಮರ್ಯಾದೆಯಿಂದ ಇಳಿಯುತ್ತದೆ! ಸಣ್ಣದನ್ನು ಬೇಗ ಮುಗಿಸಿದರಾಯಿತು, ಅಪ್ಪನ ಪೀಪಾಯಿ ಉಳಿಯುತ್ತದೆ, ಬೀಗರ ಮುಂದೆ ಮಾತೂ ಉಳಿಯುತ್ತದೆ. ಅಂದಿನಿಂದ ಲಾವಿಯೆರೊನ ಕೈ ಕರ್ಣನ ಕೈಯಾಯಿತು. ದಾರಿಯಲ್ಲಿ ಹೋಗುವವರನ್ನು ಕರೆದು ಸುರಿದ. ಸಾಕು ಎಂದವರ ಲೋಟಕ್ಕೆ ಅವರ ಬೆರಳಿನ ಮೇಲೆಯೇ ಸುರಿದ. "ಕುಡೀರಿ, ನಿಮ್ಮ ಮನೇದೇ ಅಂದ್ಕೊಳಿ," ಎಂದು ಅಂಗಲಾಚಿದ. ಅವನ ಉದಾರತೆಯ ಕೀರ್ತಿ ಅಕ್ಕಪಕ್ಕದ ಊರಿಗೂ ಹಬ್ಬಿ ಇನ್ನಷ್ಟು ಜನ ಬಂದರು. ಕೊನೆಗೊಂದು ಸಂಜೆ ಸಣ್ಣ ಪೀಪಾಯಿಯ ನಲ್ಲಿ ಕೆಮ್ಮಿ, ಗೊರಗೊರ ಎಂದು, ನಿಂತುಹೋಯಿತು.

"ಮುಗೀತು!" ಎಂದು ಲಾವಿಯೆರೊ ಕೂಗಿದ ಕೂಗಿನಲ್ಲಿ ದುಃಖ ಇರಬೇಕಾಗಿತ್ತು. ಇರಲಿಲ್ಲ. ಏಣಿ ತಂದ, ಹತ್ತಿದ, ಕೊಂಬೆಗೆ ಕೈ ಹಾಕಿದ.

"ತಡಿ," ಎಂದ ಸವೀನೊ ತಾತ ಕೆಳಗಿನಿಂದ. "ಒಳಗೆ ಇನ್ನೊಂದು ಪೀಪಾಯಿ ಇದ್ಯಲ್ಲ?"

"ಅದು ಮದ್ವೇದು ತಾತ! ಕೊಂಬೆ ಕಟ್ಟಿದ್ದು ಸಣ್ಣದಕ್ಕೆ!"

ಮುದುಕರು ತಲೆಗೆ ತಲೆ ಕೊಟ್ಟು ವಿಚಾರಣೆ ನಡೆಸಿದರು. ಸವೀನೊ ತಾತ ತೀರ್ಪು ಹೇಳಿದ. "ಕೊಂಬೆ ಇರೋದು ಬಾಗ್ಲ ಮೇಲೆ. ಪೀಪಾಯಿ ಮೇಲಲ್ಲ. ಬಾಗ್ಲ ಒಳಗೆ ಇರೋದೆಲ್ಲಾ ಮುಗೀಬೇಕು. ನಿಮ್ಮಪ್ಪ ಇದ್ದಿದ್ರೂ ಇದೇ ಹೇಳ್ತಿದ್ದ."

ಆಗಲೇ ಒಂದು ಕಾರು ಬಂದು ನಿಂತಿತು. ಇಳಿದವರು ಬೀಗರು ಕೋಸಿಮೊ. ಜನ ದಾರಿ ಬಿಟ್ಟರು. ಏಣಿಯ ಮೇಲೆ, ಕೈಯಲ್ಲಿ ಕೊಂಬೆ ಹಿಡಿದು, ಮಗಳ ಮಾವನನ್ನು ಬರಮಾಡಿಕೊಳ್ಳುವ ಗತಿ ಯಾರಿಗೂ ಬೇಡ.

"ಕೊಂಬೆ ಇಳಿಸ್ತಾ ಇದ್ದೀರಾ ಬೀಗರೇ?" ಎಂದರು ಕೋಸಿಮೊ, ಮೆಲ್ಲಗೆ.

ಊರೆಲ್ಲ ಕತ್ತೆತ್ತಿ ನೋಡುತ್ತಿತ್ತು. ಇಳಿಸಿದರೆ ವೈನು ಹುಳಿ, ಬಿಟ್ಟರೆ ವೈನು ಇಲ್ಲ. ಲಾವಿಯೆರೊಗೆ ಏಣಿಯೇ ತೊಟ್ಟಿಲಂತೆ ತೂಗಿತು. ಇನ್ನು ತನ್ನಿಂದಾಗದು ಅನ್ನಿಸಿತು. ಕೊಂಬೆಯನ್ನು ಬಳೆಗೆ ಮತ್ತೆ ಸಿಕ್ಕಿಸಿ ಇಳಿದು ಬಂದ.

"ಇಲ್ಲ ಬೀಗರೇ. ಅಪ್ಪನ ಪೀಪಾಯಿ ತೆಗೀತಾ ಇದ್ದೀನಿ. ಎಲ್ರೂ ಕುಡೀಲಿ. ಮದ್ವೆಗೆ ದೇವರಿದ್ದಾನೆ."

"ಬೇಡ, ಇರ್ಲಿ ಬಿಡಿ," ಎಂದರು ಕೋಸಿಮೊ ಅವಸರವಾಗಿ. ಅಷ್ಟು ಅವಸರದಲ್ಲಿ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಇವತ್ತೇ ಯಾಕೆ?"

"ನನ್ನ ವೈನಿನ ಮೇಲೆ ನಂಬಿಕೆ ಇಲ್ವಾ?"

ಬೀಗರು ಬಾಗಿಲ ಮೇಲಿನ ಕೊಂಬೆ ನೋಡಿದರು. ಲಾವಿಯೆರೊ ಒಳಗೆ ಹೋಗಿ, ಸುತ್ತಿಗೆ ತೆಗೆದುಕೊಂಡು ಪೀಪಾಯಿಗೆ ನಲ್ಲಿ ಬಡಿದು ಕೂರಿಸಿದ. ಗವಿಯೊಳಗೆ ಮೊದಲು ಬಂದದ್ದು ವಾಸನೆ. ಮೂಗಿನ ತುದಿಗೆ ಸಣ್ಣಗೆ ಚುಚ್ಚುವಂಥದ್ದು.

ಕೋಸಿಮೊ ಎರಡು ಹೆಜ್ಜೆ ಮುಂದೆ ಬಂದು ಪೀಪಾಯಿಗೂ ಜನಕ್ಕೂ ನಡುವೆ ಅಗಲವಾಗಿ ನಿಂತರು. "ಮೊದಲ ಲೋಟ ಬೀಗರದ್ದು," ಎಂದರು. ತುಂಬಿಸಿಕೊಂಡರು. ಒಂದೇ ಉಸಿರಿಗೆ ಪೂರ್ತಿ ಕುಡಿದರು. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. ಎಡಗಿವಿ ಮಾತ್ರ ಮೆಲ್ಲಗೆ ಕೆಂಪಾಗುತ್ತ ಹೋಯಿತು. ಅವರು ಬೆನ್ನು ಸೆಟೆಸಿ ಊರಿಗೆ ಕೇಳುವಂತೆ ಹೇಳಿದರು:

"ಇದು ಇನ್ನೂ ಆಗಿಲ್ಲ."

ಖಾಲಿ ಲೋಟವನ್ನು ಬೋರಲು ಹಾಕಿದರು.

"ಇಂಥ ವೈನು ನಾನು ನೋಡಿಲ್ಲ. ಭಾರೀ ವೈನು. ಈಗ ಮುಟ್ಟಿದ್ರೆ ಪಾಪ ಬರುತ್ತೆ. ಇನ್ನೂ ಸುಮಾರು ವರ್ಷ ಬೇಕು. ಮುಚ್ಚಿ."

ವಾಸನೆ ಅಷ್ಟರಲ್ಲಿ ಮುಂದಿನ ಸಾಲು ತಲುಪಿತ್ತು. ಹುಟ್ಟಿದಾಗಿನಿಂದ ಈ ಗವಿಗಳ ಗಾಳಿ ಕುಡಿದ ಮೂಗುಗಳವು. ಸವೀನೊ ತಾತ ಒಮ್ಮೆ ಉಸಿರೆಳೆದ. ಲಾವಿಯೆರೊನ ಮುಖ ನೋಡಿದ, ಕೋಸಿಮೊರ ಕಿವಿ ನೋಡಿದ, ನಿಧಾನವಾಗಿ ಟೋಪಿ ಹಾಕಿಕೊಂಡ.

"ಹೌದು ಹೌದು," ಎಂದ. "ಎಳೇದು. ಮಗು ಅದು. ಮಲಗ್ಲಿ ಪಾಪ. ನಡೀರಪ್ಪಾ."

ಒಬ್ಬರ ಹಿಂದೆ ಒಬ್ಬರು ಟೋಪಿ ಹಾಕಿಕೊಂಡು, "ಎಳೇದು, ತುಂಬಾ ಎಳೇದು," ಎನ್ನುತ್ತ ಕುರ್ಚಿ ಮಡಿಚಿದರು. "ಒಂದು ಗುಟುಕು ರುಚಿ ನೋಡೋಣ, ವಾಸನೆ ಏನೋ ವಿಶೇಷ ಇದೆ," ಎಂದು ಮುಂದೆ ಬಂದವನು ಎರ್ಮಾನ್ನೊ ಒಬ್ಬನೇ. ಫಿಲುಚ್ಚಾ ಅವನ ಕಾಲಬೆರಳಿನ ಮೇಲೆ ತನ್ನ ಪೂರ್ತಿ ಭಾರ ಇಟ್ಟು ಹೊರಗೆ ಕರೆದುಕೊಂಡು ಹೋದಳು.

ಗವಿಯಲ್ಲಿ ಇಬ್ಬರೇ ಬೀಗರು ಉಳಿದರು. ಲಾವಿಯೆರೊ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡ. ಬೆಂಚಿನ ಮೇಲೆ ಕೂತ.

"ಅಪ್ಪ ಕೊನೇ ಸಲ ತುಳಿದದ್ದು," ಎಂದ.

"ಹ್ಞಾಂ," ಎಂದರು ಕೋಸಿಮೊ. ಪಕ್ಕದಲ್ಲಿ ಕೂತರು. "ಮರ ಕುಡಿಯುತ್ತೆ ಬೀಗರೇ, ಪೀಪಾಯಿ ಮರ. ಒಳಗೆ ವೈನು ಇಳೀತಾ ಹೋಗುತ್ತೆ, ಆ ಜಾಗಕ್ಕೆ ಗಾಳಿ ಬಂದು ಕೂತು ಹುಳಿ ಮಾಡುತ್ತೆ. ಆಗಾಗ ಬಿರಡೆ ತೆಗೆದು ತುಂಬಿಸ್ತಾ ಇರ್ಬೇಕು."

"ಅಂದ್ರೆ... ಅವತ್ತು ನಾನು ಬಿರಡೆ ಮುಟ್ಟಿಲ್ಲ ಅಂದಾಗ್ಲೇ..."

"ಮಾರನೇ ದಿನ ಹೋಗಿ ಮದ್ವೆಗೆ ಬಾಟ್ಲಿ ಹೇಳಿಟ್ಟೆ. ಹೇಗೆ ಹೇಳೋದು ನಿಮಗೆ? ಅಷ್ಟು ಖುಷಿಯಾಗಿದ್ರಿ." ಮೀಸೆ ಒರೆಸಿಕೊಂಡು, "ಆ ಸಣ್ಣ ಪೀಪಾಯೀದು ಅದ್ಭುತ ಅಂತ ನಮ್ಮೂರಲ್ಲೆಲ್ಲಾ ಮಾತು. ಯಾರು ಮಾಡಿದ್ದು?"

"ನಾನೇ."

"ಮತ್ತೆ ಅದನ್ನೇ ಇಡಬಹುದಿತ್ತಲ್ಲ ಮದ್ವೆಗೆ. ಒಂದು ಲೋಟ ಇದ್ರೆ ಹಾಕಿ, ಬಾಯಿ ತೊಳ್ಕೋಬೇಕು."

ಲಾವಿಯೆರೊ ಖಾಲಿ ಪೀಪಾಯಿಯನ್ನು ನೋಡಿದ. ಜನರ ಬೆರಳ ಮೇಲೆ ಸುರಿದದ್ದೆಲ್ಲ ನೆನಪಾಯಿತು. ನಗು ಬಂತೋ ಆಕಳಿಕೆ ಬಂತೋ, ಬಾಯಂತೂ ದೊಡ್ಡದಾಗಿ ತೆರೆಯಿತು.

ಮದುವೆ ಚೆನ್ನಾಗಿಯೇ ನಡೆಯಿತು. ಬಾಟಲಿಯ ವೈನು ಕುಡಿದು ಸವೀನೊ ತಾತ, "ಇದರಲ್ಲಿ ಕಪಾಳಕ್ಕೆ ಹೊಡೆಯೋರು ಯಾರೂ ಇಲ್ಲ," ಎಂದು ಕೊರಗಿದ್ದು ಬಿಟ್ಟರೆ ಕುಂದೇನಿಲ್ಲ. ನೆಂಟರು ಉತ್ತರಕ್ಕೆ ಹೊರಟರು, ಹಾಸಿಗೆ ಖಾಲಿಯಾಯಿತು. ಆದರೂ ಲಾವಿಯೆರೊ ಮಧ್ಯಾಹ್ನವಾದರೆ ಗವಿಗೇ ಹೋಗುತ್ತಾನೆ. ಬಾಗಿಲ ಮೇಲೆ ಕೊಂಬೆ ಇದೆ. ಒಳಗೆ ಇರುವುದು ಮುಗಿದಿಲ್ಲವಲ್ಲ, ಇಳಿಸುವಂತಿಲ್ಲ. ದಾರಿಹೋಕರು ಬಾಗಿಲ ಬಳಿ ದನಿ ತಗ್ಗಿಸಿ, "ಶ್, ವೈನು ಇನ್ನೂ ಆಗಿಲ್ಲ," ಎಂದು ತುದಿಗಾಲಿನಲ್ಲಿ ದಾಟಿಹೋಗುತ್ತಾರೆ. ಇಷ್ಟು ಒಳ್ಳೆಯ ನಿದ್ದೆ ಅವನಿಗೆ ಎಂದೂ ಬಂದಿರಲಿಲ್ಲ.

ಅದನ್ನು ಕೆಡಿಸುವವಳು ಒಬ್ಬಳೇ. ಫಿಲುಚ್ಚಾ ಮೊಣಕೈಯಲ್ಲಿ ಬಾಗಿಲು ತಳ್ಳಿಕೊಂಡು, ಹೆಚ್ಚಿದ ಟೊಮೆಟೊ ಈರುಳ್ಳಿಯ ಬಟ್ಟಲು ಹಿಡಿದು ಬರುತ್ತಾಳೆ.

"ಲಾವಿಯೇ, ಹುಳಿ ಸಾಲ್ದು. ಆ ಇನ್ನೂ ಆಗದ ವೈನು ಒಂದು ಚಮಚ ಹಾಕು ಇದಕ್ಕೆ."

ಅವನು ಕಣ್ಣು ತೆರೆಯದೆಯೇ ನಲ್ಲಿಗೆ ಕೈ ಚಾಚುತ್ತಾನೆ. "ಒಂದು ಲೋಟ ತಗೊಳೇ. ಬೇಗ ಮುಗೀಲಿ. ಆ ಕೊಂಬೆ ಇಳಿಸ್ಬೇಕು."

"ಚಮಚದ ಲೆಕ್ಕದಲ್ಲಿ ಮೊಮ್ಮಕ್ಕಳ ಮದ್ವೆ ಹೊತ್ತಿಗೆ ಮುಗಿಯುತ್ತೆ, ಬಿಡು."

"ಆಗ್ಲಿ," ಎನ್ನುತ್ತಾನೆ ಲಾವಿಯೆರೊ, ಮಗ್ಗುಲು ಬದಲಿಸುತ್ತ. "ಅಲ್ಲೀವರೆಗೆ ಎಬ್ಬಿಸ್ಬೇಡ."